ಮಡಿಕೇರಿಯ ಹಳೇ ಕಟ್ಟಡಗಳು: ಯಾವುದನ್ನು, ಯಾವ ಹೊತ್ತಿನಲ್ಲಿ, ಹೇಗೆ ನೋಡುವುದು

ಮಡಿಕೇರಿಗೆ ಬರುವ ಪ್ರವಾಸಿಗರ ದಿನಚರಿ ಹೆಚ್ಚುಕಡಿಮೆ ಒಂದೇ. ಬೆಳಗ್ಗೆ ಅಬ್ಬಿ ಜಲಪಾತ, ಮಧ್ಯಾಹ್ನ ಕಡಂಬುಟ್ಟು–ಪಂದಿಕರಿ, ಸಂಜೆ ರಾಜಾಸೀಟ್, ರಾತ್ರಿ ಹೋಂಸ್ಟೇ. ನಡುವೆ ಸಮಯ ಮಿಕ್ಕರೆ ಕೋಟೆಗೆ ಹೋಗಿ ಆನೆಗಳ ಪಕ್ಕ ನಿಂತು ಒಂದು ಫೋಟೊ. ಓಂಕಾರೇಶ್ವರನಿಗೆ ಕೈಮುಗಿದು ಬರುವವರೂ ದೇವಸ್ಥಾನದ ನೆತ್ತಿಯತ್ತ ಕಣ್ಣು ಹಾಯಿಸುವುದು ಅಪರೂಪ. ಮಹದೇವಪೇಟೆಯ ಗದ್ದುಗೆಗೆ, ಅಂದರೆ ರಾಜರ ಸಮಾಧಿಗಳಿಗೆ, ಹೋದ ಹೊರಗಿನವರು ಇನ್ನೂ ಕಡಿಮೆ.

ಇದು ಕಟ್ಟಡಗಳನ್ನು ನೋಡಲೆಂದೇ ಬರುವವರಿಗಾಗಿ ಬರೆದದ್ದು. ಎರಡು ದಿನ ಸಾಕು. ಮೂರನೆಯ ದಿನ ಸಿಕ್ಕರೆ ಅದಕ್ಕೂ ಕೆಲಸವಿದೆ.

ಹೊರಡುವ ಮೊದಲು ನಾಲ್ಕು ಇಸವಿ, ನಾಲ್ವರು ರಾಜರು

ಇಷ್ಟು ತಲೆಯಲ್ಲಿಲ್ಲದಿದ್ದರೆ ಇಲ್ಲಿನ ಕಟ್ಟಡಗಳೆಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ. ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ ರಾಜಧಾನಿಯನ್ನು ಮಡಿಕೇರಿಗೆ ತಂದದ್ದು 1681ರಲ್ಲಿ. ಟಿಪ್ಪುವಿನ ಕೈಯಲ್ಲಿದ್ದ ಕೋಟೆಯನ್ನು ದೊಡ್ಡ ವೀರರಾಜೇಂದ್ರ ಮರಳಿ ಪಡೆದದ್ದು 1790ರಲ್ಲಿ. ಅವನ ತಮ್ಮ ಲಿಂಗರಾಜೇಂದ್ರ ಓಂಕಾರೇಶ್ವರ ದೇವಸ್ಥಾನ ಕಟ್ಟಿಸಿದ್ದು 1820ರಲ್ಲಿ, ಸತ್ತದ್ದೂ ಅದೇ ವರ್ಷ. ಲಿಂಗರಾಜನ ಮಗ ಚಿಕ್ಕ ವೀರರಾಜೇಂದ್ರನನ್ನು ಇಂಗ್ಲಿಷರು ಇಳಿಸಿದ್ದು 1834ರಲ್ಲಿ.

ಕೋಟೆಯ ಗೋಡೆ ಬಿಟ್ಟರೆ, ಮಡಿಕೇರಿಯಲ್ಲಿ ಇಂದು ನಾವು ನೋಡುವ ರಾಜರ ಕಾಲದ ದೊಡ್ಡ ಕಟ್ಟಡಗಳೆಲ್ಲ 1790ರಿಂದ 1834ರ ನಡುವಿನವು, ಅಂದರೆ ನಲವತ್ತನಾಲ್ಕು ವರ್ಷಗಳೊಳಗಿನವು. ಅವುಗಳಿಗೆ ಒಂದೇ ಮನೆತನದ ಮುಖಚಹರೆ ಬಂದಿರುವುದು ಅದರಿಂದಲೇ. ಹಾಗಾಗಿ ಒಂದು ಕಟ್ಟಡ ನೋಡಿ ಮತ್ತೊಂದನ್ನು ಮರುದಿನಕ್ಕೆ ಬಿಡಬೇಡಿ. ದೇವಸ್ಥಾನ, ಅರಮನೆ, ಗದ್ದುಗೆ ಈ ಮೂರನ್ನೂ ಒಂದೇ ದಿನದಲ್ಲಿ ನೋಡಿ.

ಯಾವಾಗ ಬರುವುದು

ನವೆಂಬರಿನಿಂದ ಫೆಬ್ರುವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮಡಿಕೇರಿ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಕ್ಕಡದ, ಅಂದರೆ ಆಷಾಢದ ಹೊತ್ತಿನ, ಮಂಜಿನಲ್ಲಿ ನಿಂತರೆ ಇಪ್ಪತ್ತಡಿ ದೂರದ ಗುಮ್ಮಟವೂ ಕಾಣುವುದಿಲ್ಲ. ಕಲ್ಲು ಹಾಸಿನ ಮೇಲೆಲ್ಲ ಪಾಚಿ. ಭಾಗಮಂಡಲದಲ್ಲಿ ಹೊಳೆ ಉಕ್ಕಿ ಸಂಗಮವೇ ಮುಳುಗುವುದುಂಟು. 2018ರ ಆಗಸ್ಟಿನ ಭೂಕುಸಿತದ ನಂತರ ಇಲ್ಲಿನವರೇ ದೊಡ್ಡ ಮಳೆಯ ದಿನ ಘಟ್ಟದ ರಸ್ತೆಗೆ ಇಳಿಯಲು ಹಿಂದೆಮುಂದೆ ನೋಡುತ್ತಾರೆ.

ಇನ್ನೊಂದು ದಿನ ತಪ್ಪಿಸಬೇಕಾದ್ದು ವಿಜಯದಶಮಿ. ಹತ್ತು ಮಂಟಪಗಳ ಮೆರವಣಿಗೆ, ನಾಲ್ಕು ಕರಗ ನೋಡಲು ಬರುವುದಾದರೆ ಆ ರಾತ್ರಿಯಂಥದ್ದು ಬೇರೆಲ್ಲೂ ಇಲ್ಲ. ಕಟ್ಟಡ ನೋಡಲು ಮಾತ್ರ ಅದು ಕೆಟ್ಟ ದಿನ. ರೂಮ್ ಸಿಗುವುದಿಲ್ಲ, ಸಿಕ್ಕರೆ ಬಾಡಿಗೆ ಕೇಳಿ ವಾಪಸ್ ಹೋಗಬೇಕೆನಿಸುತ್ತದೆ. ಸಾಲು ರಜೆಯ ಶನಿವಾರ–ಭಾನುವಾರಗಳಿಗೂ ಇದೇ ಮಾತು. ಸೋಮವಾರ ಕೋಟೆಯ ವಸ್ತುಸಂಗ್ರಹಾಲಯಕ್ಕೆ ರಜೆ, ಹಾಗಾಗಿ ಮಂಗಳವಾರ ಅಥವಾ ಬುಧವಾರ ಶುರುಮಾಡುವುದು ಒಳ್ಳೆಯದು.

ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲಲ್ಲಿ ಬಂದು ಅಲ್ಲಿಂದ ಬಸ್ ಹಿಡಿಯಬಹುದು. ಪೇಟೆಯೊಳಗೆ ಕಾರು ಇಲ್ಲದಿದ್ದರೇ ಸುಖ. ಮೊದಲ ದಿನದ ಜಾಗಗಳಿಗೆಲ್ಲ ಕಾಲು ಸಾಕು, ಗದ್ದುಗೆಗೆ ಬೇಕಿದ್ದರೆ ಆಟೋ. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.

ಮೊದಲ ದಿನ, ಬೆಳಗ್ಗೆ: ಓಂಕಾರೇಶ್ವರ

ಎಂಟು ಗಂಟೆಗೆ ಅಲ್ಲಿರಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅದಲ್ಲದೆ ಪ್ರವಾಸಿ ಬಸ್ಸುಗಳು ಬರುವುದು ಹತ್ತರ ಮೇಲೆ.

ನೇರವಾಗಿ ಗರ್ಭಗುಡಿಗೆ ನುಗ್ಗಬೇಡಿ. ಮೊದಲು ಕೊಳದ ಈಚೆ ದಡದಲ್ಲಿ ನಿಂತು ಇಡೀ ಕಟ್ಟಡವನ್ನು ನೋಡಿ. ನಡುವೆ ಒಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರು. ಹೆಸರು ಹೇಳದೆ ಚಿತ್ರ ತೋರಿಸಿದರೆ ಇದು ಶಿವನ ಗುಡಿ ಎಂದು ಯಾರೂ ಹೇಳಲಾರರು. ಒಳಗೆ ಕಂಬ ಸಾಲಿನ ಮಂಟಪ, ನವರಂಗ ಎಂದು ಹುಡುಕಿಕೊಂಡು ಹೋದರೆ ಅದೂ ಇಲ್ಲ. ಹೊಯ್ಸಳರದ್ದೋ ವಿಜಯನಗರದ್ದೋ ಕಣ್ಣಿಗೆ ರೂಢಿಯಾದವರಿಗೆ ಮೊದಲು ನಿರಾಸೆಯೇ ಆಗಬಹುದು. ಆ ಅಳತೆಗೋಲು ಬದಿಗಿಡಿ. ಕಿಟಕಿಗಳ ಪಂಚಲೋಹದ ಸರಳು, ಗೋಡೆಯ ಗಾರೆ ಕೆಲಸ, ಗುಮ್ಮಟದ ತುದಿಯ ಕಳಶ ಇವನ್ನು ಹತ್ತಿರದಿಂದ ನೋಡಿ. ಬಾಗಿಲ ಬಳಿ ದೇವಸ್ಥಾನ ಕಟ್ಟಿಸಿದ ವಿವರವಿರುವ ತಾಮ್ರದ ಫಲಕ ಇದೆ, ಅದನ್ನು ದಾಟಿಹೋಗಬೇಡಿ.

ಇದನ್ನು ಕಟ್ಟಿಸಿದ್ದಕ್ಕೆ ಊರಿನಲ್ಲಿ ಒಂದು ಕಥೆ ಇದೆ. ರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ, ಅವನು ಬ್ರಹ್ಮರಾಕ್ಷಸನಾಗಿ ಕಾಡತೊಡಗಿದ, ಬಲ್ಲವರ ಮಾತಿನಂತೆ ರಾಜ ಕಾಶಿಯಿಂದ ಲಿಂಗ ತರಿಸಿ ಪ್ರತಿಷ್ಠೆ ಮಾಡಿಸಿದ ಎನ್ನುವುದು ಅದರ ಸಾರ. ಅರ್ಚಕರಿಗೆ ಬಿಡುವಿದ್ದರೆ ಅವರ ಬಾಯಲ್ಲೇ ಕೇಳಿ. ಮಂಗಳಾರತಿಯ ಹೊತ್ತಿನಲ್ಲಿ ಮಾತ್ರ ಕೇಳಬೇಡಿ.

ಕೊಳದ ನಡುವಿನ ಮಂಟಪಕ್ಕೆ ಕಾಲುದಾರಿ ಇದೆ. ಕಲ್ಲು ಒದ್ದೆಯಿದ್ದರೆ ಬರಿಗಾಲಲ್ಲಿ ಜಾರುತ್ತದೆ, ಮಕ್ಕಳ ಕೈ ಹಿಡಿದುಕೊಳ್ಳಿ.

ಹತ್ತು ಗಂಟೆಗೆ ಕೋಟೆ

ದೇವಸ್ಥಾನದಿಂದ ಏರು ಹತ್ತಿದರೆ ಕೋಟೆ. ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಎಬ್ಬಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು. ಗುಡ್ಡದ ನೆತ್ತಿಯನ್ನು ಬಳಸಿಕೊಂಡು ಆರು ಮೂಲೆ, ಮೂಲೆಗೊಂದು ದುಂಡು ಕೊತ್ತಲ. ಮೂಡಣ ಬಾಗಿಲಿಂದ ಒಳಬರುವಾಗ ದಾರಿ ನೇರವಾಗಿಲ್ಲ, ತಿರುಗಿ ತಿರುಗಿ ಬರುತ್ತದೆ. ಅದು ಬೇಕೆಂದೇ ಮಾಡಿದ್ದು: ಬಾಗಿಲು ಮುರಿದು ನುಗ್ಗಿದವನ ಓಟ ಪ್ರತಿ ತಿರುವಿನಲ್ಲೂ ನಿಲ್ಲಬೇಕು, ಮೇಲಿಂದ ಗುಂಡು ಬೀಳಬೇಕು. ಅಲ್ಲಿ ಒಂದು ನಿಮಿಷ ನಿಂತು, ಗೋಡೆಯ ಮೇಲಿರುವವನ ಕಣ್ಣಿಗೆ ನೀವು ಎಷ್ಟು ಹೊತ್ತು ಬೀಳುತ್ತೀರಿ ಎಂದು ಲೆಕ್ಕ ಹಾಕಿ.

ಒಳಗಿನ ಅರಮನೆಯನ್ನು ಲಿಂಗರಾಜೇಂದ್ರ 1812–14ರಲ್ಲಿ ಇಟ್ಟಿಗೆ, ಗಾರೆಯಲ್ಲಿ ಹೊಸದಾಗಿ ಕಟ್ಟಿಸಿದ. ಎರಡು ಅಂತಸ್ತು, ನಡುವೆ ತೆರೆದ ಅಂಗಳ, ಅಂಗಳದಲ್ಲಿ ಕಲ್ಲಿನ ಆಮೆ. 1834ರ ನಂತರ ಇದು ಇಂಗ್ಲಿಷರ ಆಡಳಿತದ ಮನೆ. ಗಡಿಯಾರ ಗೋಪುರ, ಕಮಿಷನರ ಕಾರು ನಿಲ್ಲಲು ಮುಂದೆ ಚಾಚಿದ ಪೋರ್ಟಿಕೊ, ಇವು 1933ರ ಸೇರ್ಪಡೆ. ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ಇಲ್ಲಿ ಸರ್ಕಾರಿ ಕಚೇರಿಗಳೇ ತುಂಬಿದ್ದವು. ಜಿಲ್ಲೆಯ ಹಿರಿಯರಿಗೆ ಅರಮನೆ ಎಂದರೆ ಈಗಲೂ ನೆನಪಾಗುವುದು ಫೈಲು, ಸರತಿ, ಅರ್ಜಿ. ಒಂದು ದೃಷ್ಟಿಯಲ್ಲಿ ಕಟ್ಟಡ ಉಳಿದದ್ದೂ ಬಳಕೆಯಿಂದಲೇ, ಸವೆದದ್ದೂ ಬಳಕೆಯಿಂದಲೇ. ಮಳೆಗಾಲ ಬಂತೆಂದರೆ ಇಂಥ ಹಳೇ ಗೋಡೆಗಳ ಪಾಡು ಹೇಳತೀರದು. ಒಳಗೆಲ್ಲಿ ಬಿಡುತ್ತಾರೆ, ಎಲ್ಲಿ ಬಿಡುವುದಿಲ್ಲ ಎನ್ನುವುದು ದುರಸ್ತಿ ಕೆಲಸದ ಮೇಲೆ ನಿಂತಿದೆ. ಹಗ್ಗ ಕಟ್ಟಿದ್ದರೆ ದಾಟಬೇಡಿ.

ಈಶಾನ್ಯದ ಪ್ರವೇಶದ ಹತ್ತಿರ ಆಳೆತ್ತರವನ್ನೂ ಮೀರಿದ ಎರಡು ಗಾರೆ ಆನೆಗಳಿವೆ. ರಾಜ ಸಿಟ್ಟಿನ ಭರದಲ್ಲಿ ತನ್ನ ಎರಡು ಆನೆಗಳನ್ನು ಕೊಂದು, ಆಮೇಲೆ ಪಶ್ಚಾತ್ತಾಪದಿಂದ ಇವನ್ನು ಮಾಡಿಸಿದನಂತೆ. ಗೈಡುಗಳು ಈ ಕಥೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ರಾಜನ ಹೆಸರೂ ಬದಲಾಗುತ್ತಿರುತ್ತದೆ. ಫೋಟೊಕ್ಕೆ ಮಕ್ಕಳನ್ನು ಆನೆಯ ಬೆನ್ನ ಮೇಲೆ ಕೂರಿಸುವ ಹುಚ್ಚು ಮಾತ್ರ ಬೇಡ. ಇನ್ನೂರು ವರ್ಷದ ಗಾರೆ ಅದು.

ಇನ್ನು ಮೂಲೆಯಲ್ಲಿರುವ ಚರ್ಚು. ಅಲ್ಲಿದ್ದ ವೀರಭದ್ರನ ಗುಡಿಯನ್ನು 1855ರಲ್ಲಿ ತೆಗೆಸಿ ಇಂಗ್ಲಿಷರು ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿಸಿದರು. ಸ್ವಾತಂತ್ರ್ಯದ ನಂತರ ಚರ್ಚು ಮುಚ್ಚಿತು, 1971ರಿಂದ ಅದೇ ಸರ್ಕಾರಿ ವಸ್ತುಸಂಗ್ರಹಾಲಯ. ಜೈನ ಮೂರ್ತಿಗಳು, ವೀರಗಲ್ಲುಗಳು, ಕತ್ತಿ–ಕೋವಿಗಳು, ಮೇಲೆ ಬಣ್ಣದ ಗಾಜಿನ ಕಿಟಕಿ. ಜಾಗ ಚಿಕ್ಕದು, ಫಲಕಗಳ ವಿವರ ಇನ್ನೂ ಚಿಕ್ಕದು. ಆದರೂ ವೀರಗಲ್ಲುಗಳ ಮುಂದೆ ಸ್ವಲ್ಪ ನಿಲ್ಲಿ, ಕೆಳಗಿನ ಪಟ್ಟಿಯಿಂದ ಮೇಲಕ್ಕೆ ಓದುತ್ತಾ ಹೋಗಿ: ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ದೇವರ ಸನ್ನಿಧಿ. ಸಾಮಾನ್ಯವಾಗಿ ಕೆತ್ತನೆ ಇದೇ ಕ್ರಮದಲ್ಲಿರುತ್ತದೆ.

ಹೊರಡುವ ಮೊದಲು ಕೋಟೆ ಗಣಪತಿಗೊಂದು ಕಾಯಿ ಒಡೆಸುವುದು ಊರವರ ರೂಢಿ. ಇದೇ ಕೋಟೆಯ ಆವರಣದಲ್ಲಿ 1837ರ ಅಕ್ಟೋಬರ್ 31ರಂದು ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದರು. ರಾಜ್ಯ ಹೋದ ಮೂರೇ ವರ್ಷಕ್ಕೆ ಕೊಡಗು, ಸುಳ್ಯದ ರೈತರು ಇಂಗ್ಲಿಷರ ವಿರುದ್ಧ ಎದ್ದ ದಂಗೆಗೆ ಕಟ್ಟಿದ ದಂಡ ಅದು. ಆನೆಗಳ ಕಥೆ ಹೇಳುವ ಗೈಡುಗಳು ಇದನ್ನು ಹೇಳುವುದು ಕಡಿಮೆ. ನೀವೇ ಕೇಳಿ.

ಮಧ್ಯಾಹ್ನದ ಮೇಲೆ: ಗದ್ದುಗೆ

ನನ್ನನ್ನು ಕೇಳಿದರೆ ಮಡಿಕೇರಿಯಲ್ಲಿ ಒಂದೇ ಕಟ್ಟಡ ನೋಡಲು ಸಮಯವಿದ್ದರೆ ಅದು ಗದ್ದುಗೆಯೇ. ಊಟ ಮುಗಿಸಿ, ಮೂರು ಗಂಟೆಯ ಹೊತ್ತಿಗೆ ಹೋಗಿ. ಆಗ ಪಡುವಣ ಬಿಸಿಲು ಗುಮ್ಮಟಗಳ ಮೇಲೆ ಓರೆಯಾಗಿ ಬಿದ್ದು ಗಾರೆಯ ಗೆರೆಗಳೆಲ್ಲ ಎದ್ದು ಕಾಣುತ್ತವೆ.

ಮಹದೇವಪೇಟೆಯ ಹೆಸರೇ ದೊಡ್ಡ ವೀರರಾಜೇಂದ್ರನ ರಾಣಿ ಮಹದೇವಮ್ಮಾಜಿಯದ್ದು. ಪೇಟೆ ದಾಟಿ ಮೇಲೆ ಹೋದರೆ ಗುಡ್ಡದ ನೆತ್ತಿಯಲ್ಲಿ ಮೂರು ಸಮಾಧಿ ಕಟ್ಟಡಗಳು ಸಾಲಾಗಿ ನಿಂತಿವೆ. ನಡುವಿನದರಲ್ಲಿ ದೊಡ್ಡ ವೀರರಾಜೇಂದ್ರ ಮತ್ತು ಮಹದೇವಮ್ಮಾಜಿ. ಬಲಕ್ಕಿರುವುದು ಲಿಂಗರಾಜೇಂದ್ರ ಮತ್ತು ರಾಣಿ ದೇವಮ್ಮಾಜಿಯದ್ದು, ಮಗ ಚಿಕ್ಕ ವೀರರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ಎಡಕ್ಕಿರುವ ಮೂರನೆಯದು ರಾಜಗುರು ರುದ್ರಪ್ಪನದು, 1834ರದ್ದು. ರಾಜ್ಯವೇ ಮುಗಿದ ವರ್ಷ ಅದು.

ಹಾಲೇರಿ ರಾಜರು ಲಿಂಗಾಯತರು, ಸುಡುವ ಪದ್ಧತಿಯಿಲ್ಲ, ಹಾಗಾಗಿ ಗದ್ದುಗೆ. ಮೇಲೆ ಕಟ್ಟಿದ್ದು ಮಾತ್ರ ಗುಮ್ಮಟ ಮತ್ತು ಮಿನಾರು. ಶ್ರೀರಂಗಪಟ್ಟಣದ ಗುಂಬಜ್ ನೋಡಿದವರಿಗೆ ಹೋಲಿಕೆ ತಾನಾಗಿ ಹೊಳೆಯುತ್ತದೆ. ಆಯುಸ್ಸಿನ ಒಳ್ಳೆಯ ಭಾಗವನ್ನೆಲ್ಲ ಟಿಪ್ಪುವಿನ ಜೊತೆ ಕಾದಾಡಿದ ದೊರೆ, ಕೊನೆಗೆ ಹೈದರ್–ಟಿಪ್ಪು ಮಲಗಿದ ಬಗೆಯದೇ ಸೂರಿನ ಕೆಳಗೆ ಮಲಗಿದ್ದಾನೆ. ಕೆಲಸಗಾರರಿಗೂ ಕಟ್ಟುವ ಬೆಡಗಿಗೂ ರಾಜರ ಹಗೆ ಅಡ್ಡಬಂದಿಲ್ಲ. ಆದರೆ ಮೂಲೆಗಳತ್ತ ನೋಡಿ: ನಂದಿ ಕೂತಿದೆ. ಇದು ಯಾರ ಸಮಾಧಿ ಎಂದು ದೂರದಿಂದಲೇ ಸಾರುವುದು ಆ ಬಸವಣ್ಣನೇ. ಬೆಳಗ್ಗೆ ಕಂಡ ಓಂಕಾರೇಶ್ವರದ ಗುಮ್ಮಟವನ್ನು ಈಗ ನೆನಪಿಸಿಕೊಂಡು ಕಿಟಕಿ, ಮಿನಾರು, ಸೂರಿನಂಚು ಒಂದೊಂದನ್ನೇ ಹೋಲಿಸಿ. ಎರಡನ್ನೂ ಒಂದೇ ದಿನ ನೋಡಿ ಎಂದದ್ದು ಇದಕ್ಕೇ.

ರಾಜರ ಗದ್ದುಗೆಗಳ ಹತ್ತಿರವೇ ಬಿದ್ದಂಡ ಬೋಪು ಮತ್ತು ಅವರ ಮಗ ಬಿದ್ದಂಡ ಸೋಮಯ್ಯನವರ ಸಮಾಧಿಗಳಿವೆ. ಟಿಪ್ಪುವಿನ ಸೇನೆಯೊಂದಿಗೆ ಹೋರಾಡಿ ಮಡಿದ ಬೋಪು ಅವರನ್ನು ನೆನೆಯುವ ಫಲಕವೂ ಇದೆ. ರಾಜನ ಮಗ್ಗುಲಲ್ಲಿ ದಂಡನಾಯಕನಿಗೆ ಜಾಗ ಕೊಟ್ಟದ್ದು ಕೊಡಗಿನ ಮಟ್ಟಿಗೆ ದೊಡ್ಡ ಮಾತು. ಬಹುಪಾಲು ಜನ ಗುಮ್ಮಟದಡಿಯಲ್ಲೇ ತಿರುಗಿ ಹಿಂದೆ ಹೋಗಿಬಿಡುತ್ತಾರೆ, ನೀವು ಹಾಗೆ ಮಾಡಬೇಡಿ.

ಇಲ್ಲಿ ಮಲಗಿರದ ರಾಜ ಚಿಕ್ಕ ವೀರರಾಜೇಂದ್ರ. ಅವನನ್ನು ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೋದ. ಅಲ್ಲಿ ಮಗಳು ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾದಳು, ಅಪ್ಪ 1859ರಲ್ಲಿ ಅಲ್ಲೇ ತೀರಿಕೊಂಡ.

ಸುತ್ತ ಮನೆಗಳಿರುವ ಜಾಗ ಇದು. ಗದ್ದಲ ಬೇಡ. ಗೋಡೆಯ ಮೇಲೆ ಹೆಸರು ಗೀಚಿದವರು ಆಗಲೇ ಸಾಕಷ್ಟು ಜನ ಇದ್ದಾರೆ.

ಸಂಜೆ

ರಾಜಾಸೀಟ್‌ನಲ್ಲಿ ಕಟ್ಟಡ ಎನ್ನುವಷ್ಟೇನಿಲ್ಲ: ನಾಲ್ಕು ಕಂಬ, ಕಮಾನುಗಳ ಪುಟ್ಟ ಮಂಟಪ, ಎದುರಿಗೆ ಪಡುವಣ ಕಣಿವೆ. ಸೂರ್ಯ ಮುಳುಗುವುದನ್ನು ನೋಡಿ ಬನ್ನಿ, ಸಾಕು. ಬೆಳಕಿರುವಾಗ ಸಮಯ ಮಿಕ್ಕಿದ್ದರೆ ಅದಕ್ಕೆ ಮೊದಲು ಜನರಲ್ ತಿಮ್ಮಯ್ಯನವರು ಬಾಲ್ಯ ಕಳೆದ ‘ಸನ್ನಿಸೈಡ್’ ಮನೆಗೆ ಹೋಗಬಹುದು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರ ಈ ಮನೆಯಲ್ಲಿ ಬಹುಕಾಲ ಆರ್‌ಟಿಒ ಕಚೇರಿ ಇತ್ತು. ಅದನ್ನು ವಸ್ತುಸಂಗ್ರಹಾಲಯ ಮಾಡಿ, 2021ರ ಫೆಬ್ರುವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಹಳೇ ಬಂಗಲೆಯೊಂದನ್ನು ಕೆಡವದೆ ಹೇಗೆ ಉಳಿಸಿಕೊಳ್ಳಬಹುದು ಎನ್ನುವುದಕ್ಕೆ ಊರೊಳಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಎರಡನೇ ದಿನ: ಕಾವೇರಿಯ ಕಡೆಗೆ

ಇವತ್ತು ವಾಹನ ಬೇಕು. ಏಳು ಗಂಟೆಗೇ ಹೊರಡಿ, ಪೆಟ್ರೋಲ್ ಮಡಿಕೇರಿಯಲ್ಲೇ ತುಂಬಿಸಿ. ಕಕ್ಕಬ್ಬೆಯ ಕಡೆ ಮೊಬೈಲಿನ ನಕ್ಷೆಯನ್ನು ನಂಬಿ ಕೂರಬೇಡಿ. ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಮೊದಲು ಭಾಗಮಂಡಲ, ಮಡಿಕೇರಿಯಿಂದ ಸುಮಾರು 40 ಕಿಲೋಮೀಟರು. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಕೂಡುವ ಜಾಗ. ಮಿಂದು ಆಮೇಲೆ ತಲಕಾವೇರಿಗೆ ಹೋಗುವುದು ವಾಡಿಕೆ. ಭಗಂಡೇಶ್ವರ ದೇವಸ್ಥಾನ ನಿನ್ನೆ ನೋಡಿದ ಯಾವುದನ್ನೂ ಹೋಲುವುದಿಲ್ಲ. ಇಲ್ಲಿರುವುದು ಕೇರಳದ ಕಡೆಯ ಇಳಿಜಾರು ಸೂರು, ಮರದ ಕೆತ್ತನೆ, ತಾಮ್ರದ ಹೊದಿಕೆ. ಇಂಥ ಮಳೆಗೆ ಗುಮ್ಮಟಕ್ಕಿಂತ ಈ ಸೂರೇ ಒಗ್ಗುತ್ತದೆ ಎನ್ನುವುದು ತಲೆ ಮೇಲೆತ್ತಿ ನೋಡಿದ ಕೂಡಲೇ ತಿಳಿಯುತ್ತದೆ. ಟಿಪ್ಪುವಿನ ಕಾಲದಲ್ಲಿ ಊರಿಗೆ ಅಫ್ಜಲಾಬಾದ್ ಎಂದು ಹೆಸರಿಟ್ಟಿದ್ದರು. ಇದನ್ನೂ 1790ರಲ್ಲಿ ಮರಳಿ ಪಡೆದವನು ದೊಡ್ಡ ವೀರರಾಜೇಂದ್ರ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ, ತೀರ್ಥೋದ್ಭವದ ಹೊತ್ತಿನಲ್ಲಿ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಭಕ್ತಿಯಿಂದ ಬರುವವರಿಗೆ ಬಿಟ್ಟುಕೊಡಿ.

ತಲಕಾವೇರಿ ಇಲ್ಲಿಂದ 8 ಕಿಲೋಮೀಟರು ಮೇಲೆ. ಹೋಗಿ ಬಂದು, ನಾಪೋಕ್ಲಿನ ಕಡೆ ಇಳಿದು ಕಕ್ಕಬ್ಬೆಗೆ ಬನ್ನಿ. ಅಲ್ಲಿಂದ ಯವಕಪಾಡಿಯ ನಾಲ್ಕುನಾಡು ಅರಮನೆ.

ಇದನ್ನು ಬೇಗ ಬೇಗ ನೋಡಬೇಡಿ. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡ ವೀರರಾಜೇಂದ್ರ, ತಡಿಯಂಡಮೋಳ್ ಬೆಟ್ಟದ ಬುಡದ ಈ ಕಾಡಿನಲ್ಲಿ 1792–94ರಲ್ಲಿ ಕಟ್ಟಿಸಿದ್ದು. ಅರಮನೆ ಎಂಬ ಹೆಸರು ಕೇಳಿ ಮೈಸೂರನ್ನು ಕಣ್ಣಮುಂದೆ ತಂದುಕೊಂಡವರಿಗೆ ಇಲ್ಲಿ ಕಾಣುವುದು ಹಂಚಿನ ಮಾಡಿನ ಎರಡಂತಸ್ತಿನ ಮನೆ. ಕೆತ್ತನೆಯ ಮರದ ಕಂಬ, ಮಾಸಿದ ಗೋಡೆಚಿತ್ರ, ಕತ್ತಲೆ ಕೋಣೆಗಳು. ಕೈಯಲ್ಲಿ ಟಾರ್ಚ್ ಇರಲಿ, ಬೆಳಕನ್ನು ಚಿತ್ರಗಳ ಮೇಲೆ ತುಂಬ ಹೊತ್ತು ಹಿಡಿಯಬೇಡಿ. ಹೊರಗೆ ಅಂಗಳದಲ್ಲಿ ಚೌಕನೆಯ ಪುಟ್ಟ ಮಂಟಪ: 1796ರಲ್ಲಿ ಮಹದೇವಮ್ಮಾಜಿಯೊಂದಿಗೆ ಅವನ ಮದುವೆ ನಡೆದದ್ದು ಇಲ್ಲಿಯೇ. ನಿನ್ನೆ ಗದ್ದುಗೆಯಲ್ಲಿ ನೋಡಿದ ಗಂಡ–ಹೆಂಡತಿ ಇವರೇ.

1834ರಲ್ಲಿ ಚಿಕ್ಕ ವೀರರಾಜೇಂದ್ರ ಓಡಿ ಬಂದು ಅವಿತದ್ದೂ ಈ ಮನೆಯಲ್ಲೇ. ದೊಡ್ಡಪ್ಪ ರಾಜ್ಯ ಕಟ್ಟಲು ಹುಡುಕಿದ ಮರೆ, ತಮ್ಮನ ಮಗನಿಗೆ ರಾಜ್ಯ ಕಳೆದುಕೊಳ್ಳುವಾಗಿನ ಮರೆಯಾಯಿತು. 1,748 ಮೀಟರಿನ ತಡಿಯಂಡಮೋಳ್ ಹತ್ತಲು ಬರುವ ಚಾರಣಿಗರು ದಿನವೂ ಈ ಬಾಗಿಲ ಮುಂದೆಯೇ ಹಾದುಹೋಗುತ್ತಾರೆ, ಒಳಗೆ ಬರುವವರು ಕೆಲವರಷ್ಟೇ. ಮಳೆಗಾಲದಲ್ಲಿ ಜಿಗಣೆ ಕಾಟ ಇದೆ, ಸುಣ್ಣವೋ ಉಪ್ಪೋ ಜೊತೆಗಿರಲಿ.

ಐನ್‌ಮನೆಗೆ ಹೋಗುವುದಾದರೆ

ರಾಜರ ಕಟ್ಟಡ ಎಷ್ಟೇ ನೋಡಿದರೂ ಕೊಡವರ, ಅರೆಭಾಷೆ ಗೌಡರ ಮನೆತನದ ಮೂಲಮನೆಯಾದ ಐನ್‌ಮನೆಯೊಂದನ್ನು ನೋಡದಿದ್ದರೆ ಕೊಡಗಿನ ಕಟ್ಟಡದ ಲೆಕ್ಕ ಅರ್ಧವೇ. ಗದ್ದೆಯ ಅಂಚಿನಿಂದ ಎರಡೂ ಕಡೆ ಮಣ್ಣಿನ ಗೋಡೆಯಿರುವ ಓಣಿ, ಅಂಗಳ, ಕಂಬಸಾಲಿನ ಜಗಲಿಯಾದ ಕೈಯಾಲೆ, ಕಂಬಗಳ ನಡುವೆ ಕೂರಲು ಅಗಲ ಹಲಗೆಯ ಐಮರ, ಒಳಗೆ ದೀಪ ತೂಗುವ ನಡುಮನೆಯಾದ ನೆಲ್ಲಕ್ಕಿ ನಡುಬಾಡೆ. ಪಕ್ಕದಲ್ಲಿ ಕಾರಣವರ, ಅಂದರೆ ಮನೆತನದ ಪೂರ್ವಜರ, ಗುಡಿಯಾದ ಕೈಮಡ.

ಆದರೆ ಇವು ಪ್ರವಾಸಿ ತಾಣಗಳಲ್ಲ. ಒಂದು ಒಕ್ಕದ (ಮನೆತನದ) ಮನೆ, ದೇವರ ಕೋಣೆ ಎರಡೂ ಒಂದೇ ಸೂರಿನಡಿ. ಹಾಗಾಗಿ ಗೇಟು ತೆರೆದಿದೆಯೆಂದು ಒಳಗೆ ಹೋಗಬೇಡಿ. ಹೋಂಸ್ಟೇಯವರ ಮೂಲಕವೋ ಪರಿಚಯದವರ ಮೂಲಕವೋ ಮೊದಲೇ ಪಟ್ಟೆದಾರರ, ಅಂದರೆ ಒಕ್ಕದ ಹಿರಿಯರ, ಒಪ್ಪಿಗೆ ಪಡೆಯಿರಿ. ಚಪ್ಪಲಿ ಅಂಗಳದಲ್ಲೇ ಬಿಡಿ. ಹಿರಿಯರು ಕೂರಿ ಎನ್ನುವ ತನಕ ಐಮರದ ಮೇಲೆ ಕೂರಬೇಡಿ, ಕೈಮಡದ ಫೋಟೊ ಕೇಳದೆ ತೆಗೆಯಬೇಡಿ. ಹುತ್ತರಿ, ಕೈಲ್‌ಪೊಳ್ದ್ ಹಬ್ಬದ ದಿನಗಳಲ್ಲಿ ಊರುಕೇರಿಯಲ್ಲಿರುವ ಮನೆಮಂದಿಯೆಲ್ಲ ಅಲ್ಲಿಗೆ ಸೇರುತ್ತಾರೆ. ಕರೆದರೆ ಮಾತ್ರ ಹೋಗಿ. ಕಾಫಿ ಕೊಟ್ಟರೆ ಬೇಡವೆನ್ನಬೇಡಿ, ದುಡ್ಡು ಕೊಡಲು ಹೋಗಬೇಡಿ.

ತೋಟಗಳ ನಡುವೆ ಓಡಾಡುವಾಗ ಆಳವಾದ ಹಳೇ ಕಂದಕ, ಅದರ ಪಕ್ಕ ಎತ್ತರದ ಮಣ್ಣಿನ ದಿಬ್ಬ ಕಂಡರೆ ಅದು ಕಡಂಗ. ಹಿಂದಿನವರು ಗಡಿ ಕಾಯಲು ತೋಡಿದ್ದು. ಯಾವ ಟಿಕೆಟ್ಟಿಲ್ಲ, ಫಲಕವಿಲ್ಲ, ಹೆಚ್ಚಿನವು ಕಾಫಿ ಗಿಡಗಳ ಅಡಿಯಲ್ಲೇ ಹಾದುಹೋಗುತ್ತವೆ. ಖಾಸಗಿ ತೋಟವಾದರೆ ರಸ್ತೆಯಿಂದಲೇ ನೋಡಿ.

ಮೂರನೆಯ ದಿನ ಸಿಕ್ಕರೆ

ಮೂರು ದಾರಿ. ಮೈಸೂರಿನ ಕಡೆ ಹಿಂತಿರುಗುವವರು ಕುಶಾಲನಗರದಲ್ಲಿ ಕಾವೇರಿ ದಾಟುತ್ತೀರಿ. 1834ರ ನಂತರ ಕೊಡಗನ್ನು ನೋಡಿಕೊಂಡ ಕರ್ನಲ್ ಫ್ರೇಸರನ ಹೆಸರಲ್ಲಿ ಈ ಊರು ಬಹುಕಾಲ ಫ್ರೇಸರ್‌ಪೇಟೆಯಾಗಿತ್ತು. ಹಳೇ ಕಟ್ಟಡ ಹುಡುಕುವವರಿಗೆ ಇಲ್ಲಿ ಹೆಚ್ಚೇನೂ ಇಲ್ಲ. ದಕ್ಷಿಣಕ್ಕೆ ಹೋಗುವವರಿಗೆ ವಿರಾಜಪೇಟೆ ಇದೆ: ಊರು ಕಟ್ಟಿಸಿದವನು ದೊಡ್ಡ ವೀರರಾಜೇಂದ್ರನೇ, 1792ರಲ್ಲಿ. ಅಲ್ಲಿನ ಸೇಂಟ್ ಆನ್ಸ್ ಚರ್ಚ್ ಕೂಡ ಅದೇ ವರ್ಷ ನೆಲೆಗೊಂಡದ್ದು.

ಹಾಸನದ ಕಡೆ ಹೋಗುವವರು ಮಾತ್ರ ಸೋಮವಾರಪೇಟೆ, ಶನಿವಾರಸಂತೆ ದಾರಿ ಹಿಡಿದು ಮುಳ್ಳೂರಿಗೆ ಹೋಗಲೇಬೇಕು. ಹಾಲೇರಿಯವರಿಗಿಂತ ಐನೂರು ವರ್ಷ ಹಿಂದೆ, 11ನೇ ಶತಮಾನದಲ್ಲಿ, ಚೋಳರ ಸಾಮಂತರಾಗಿದ್ದ ಕೊಂಗಾಳ್ವರು ಈ ಸೀಮೆ ಆಳುತ್ತಿದ್ದರು. ಒಂದೇ ಆವರಣದಲ್ಲಿ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಬಸದಿಗಳು. ರಾಜೇಂದ್ರ ಕೊಂಗಾಳ್ವ, ಅವನ ತಾಯಿ ಪೋಚಬ್ಬರಸಿಯರ ಹೆಸರು ಇಲ್ಲಿನ ಶಾಸನಗಳಲ್ಲಿವೆ. ಅಲಂಕಾರ ಕಡಿಮೆ, ಕಲ್ಲು ಗಟ್ಟಿ. ಎರಡು ದಿನ ಗುಮ್ಮಟ, ಹಂಚು, ಮರ ನೋಡಿ ಬಂದ ಕಣ್ಣಿಗೆ ಕೊಡಗಿನಲ್ಲಿ ಇದೂ ಇತ್ತೇ ಎನಿಸುತ್ತದೆ. ಕತ್ತಲಾಗುವ ಮೊದಲು ತಲುಪುವಂತೆ ಹೊರಡಿ. ಊಟ ಶನಿವಾರಸಂತೆಯಲ್ಲೇ ಮುಗಿಸಿಕೊಳ್ಳಿ, ಮುಳ್ಳೂರಿನಲ್ಲಿ ಹೋಟೆಲ್ ಹುಡುಕಲು ಹೋಗಬೇಡಿ.